ಎರಡು ಡಿಸ್ಕಿನಲ್ಲಿದ್ದ ಮದುವೆ

ಬಾಗಿಲು ತೆರೆದ ಮಯೂರಿ ಹಾಗೆಯೇ ನಿಂತುಬಿಟ್ಟಳು.

ಹೊಸ್ತಿಲಾಚೆ ನಿಂತಿದ್ದವನನ್ನು ಅವಳು ಈ ಮೊದಲು ಒಮ್ಮೆಯೂ ಭೇಟಿಯಾಗಿರಲಿಲ್ಲ. ಆದರೂ ಅವನ ಎಡಹುಬ್ಬಿನ ಮೇಲಿನ ಹಳೇ ಗಾಯದ ಗೆರೆ ಅವಳಿಗೆ ಗೊತ್ತಿತ್ತು. ನಗುವ ಮುಂಚೆ ಅವನು ಒಂದು ಸಲ ನೆಲ ನೋಡುತ್ತಾನೆ ಎಂಬುದು ಗೊತ್ತಿತ್ತು. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಬ್ಯಾಂಡಿನವರ ಜೊತೆ ಕೂತು ಉಣ್ಣುತ್ತಾನೆ ಎಂಬುದೂ ಗೊತ್ತಿತ್ತು.

ಅವನಿಗೆ ಮಾತ್ರ ಅವಳು ಯಾರೋ ಒಬ್ಬಳು.

"ಜೈ ಭೀಮ್ ರಿ. ಮದುವಿ ವಿಡಿಯೋ ಮಿಕ್ಸಿಂಗ್ ಮಾಡೋರ ಮನಿ ಇದೇ ಏನ್ರಿ?"

"ಜೈ ಭೀಮ್... ಹೌದ್ರಿ. ನಾನೇ ಮಾಡ್ತೀನಿ."

"ನಾ ಸುಮೇಧ. ಹುಮನಾಬಾದಿನಿಂದ ಬಂದೀನಿ."

ನನಗೆ ಗೊತ್ತು... ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅವನ ದನಿ ಇಷ್ಟು ಮೆತ್ತಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ವಿಡಿಯೋದಲ್ಲಿ ಬ್ಯಾಂಡಿನ ಸದ್ದಿಗೆ ಅವನ ಮಾತೇ ಕೇಳಿಸುತ್ತಿರಲಿಲ್ಲ.

ಒಳಗೆ ಬನ್ನಿ ಎಂದರೂ ಅವನು ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಬಂದ ವಿಷಯ ಹೇಳಿದ. ತಂಗಿಯ ಮದುವೆಯಾಗಿ ತಿಂಗಳು ತುಂಬುವ ಮುಂಚೆಯೇ ಅಪ್ಪ ಮಚ್ಚೇಂದ್ರ ಗೌಂಡಿ ಕೆಲಸದ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದರು. ಬರುವ ಭಾನುವಾರ ಪುಣ್ಯಾನುಮೋದನ, ತೀರಿಕೊಂಡವರ ನೆನಪಿನ ಬೌದ್ಧ ವಿಧಿ, ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಅಪ್ಪನದು ಎಂದು ಇರುವುದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅದರಲ್ಲಿ ಯಾರ ಮೇಲೋ ಸಿಟ್ಟಾದವರಂತೆ ಕಾಣುತ್ತಾರೆ. ಅಂಥ ಮುಖವನ್ನು ಆಯಿ, ಅಂದರೆ ಅವನ ತಾಯಿ, ಇಷ್ಟು ವರ್ಷದ ಸಂಸಾರದಲ್ಲಿ ನೋಡಿಯೇ ಇಲ್ಲವಂತೆ.

"ಆಯಿ ಸರಿಯಾಗಿ ಉಣವಲ್ಲಳ್ರಿ. ಒಂದೇ ಸಲ ಅವರ ನಗೀ ಮುಖ ನೋಡ್ಬೇಕು ಅಂತಾಳ. ತಂಗಿ ಮದುವಿ ವಿಡಿಯೋ ಭಾನುವಾರದೊಳಗ ಆಗ್ತದೇನ್ರಿ?"

ಇಲ್ಲ ಎನ್ನಬೇಕಿತ್ತು. ನಿಜ ಹೇಳಬೇಕಿತ್ತು. ಆದರೆ ಎದುರಿಗೆ ಆ ಕಣ್ಣು, ಆ ಮೆತ್ತಗಿನ ದನಿ.

"ಆಗ್ತದ್ರಿ," ಎಂದುಬಿಟ್ಟಳು ಮಯೂರಿ.

ಸುಮೇಧ ಒಂದು ಸಲ ನೆಲ ನೋಡಿದ. ಆಮೇಲೆ ನಕ್ಕ. ಆ ನಗು ಕಂಡು ಅವಳು ಒಳಕೋಣೆ ಕಾಣದಂತೆ ಬಾಗಿಲಿಗೆ ಅಡ್ಡ ಸರಿದಳು. ಏಕೆಂದರೆ ಆ ಹೊತ್ತಿಗೆ ಒಳಕೋಣೆಯಲ್ಲಿ ಅವಳ ಕಂಪ್ಯೂಟರ್ ಸತ್ತುಬಿದ್ದಿತ್ತು. ಅದನ್ನು ಆ ಗತಿಗೆ ತಂದವಳೂ ಅವಳೇ.

ಮಿಕ್ಸಿಂಗ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬಸವಕಲ್ಯಾಣದಲ್ಲಿ ಮದುವೆಗಳ ವಿಡಿಯೋ ತೆಗೆಯುವವರು ಅಬ್ದುಲ್ ಕರೀಂ. ಊರಿಗೆಲ್ಲ ಕರೀಂಭಾಯಿ. ಅವರು ತೆಗೆದದ್ದು ಗಂಟೆಗಟ್ಟಲೆ ಇರುತ್ತದೆ. ಅದರಲ್ಲಿ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹಾಡು ಹಾಕಿ, ನೋಡುವಂತೆ ಮಾಡುವುದು ಮಿಕ್ಸಿಂಗ್. ತ್ರಿಪುರಾಂತ ಕೆರೆಯ ಹತ್ತಿರದ ತನ್ನ ಮನೆಯಲ್ಲಿ ಕೂತು ಮಯೂರಿ ಆ ಕೆಲಸ ಮಾಡುತ್ತಾಳೆ. ಕಂಪ್ಯೂಟರೂ ಕರೀಂಭಾಯಿಯದೇ. ತಾವು ಹೊಸದು ತಗೊಂಡಾಗ ಹಳೆಯದನ್ನು ಇವಳ ಮನೆಗೆ ತಂದಿಟ್ಟಿದ್ದರು.

ಊರಿನ ಎಷ್ಟೋ ಮದುವೆಗಳು ಅವಳ ಕಣ್ಮುಂದೆ ಹಾದುಹೋಗಿದ್ದವು. ಯಾವ ಗಂಡಿನ ಅಣ್ಣನನ್ನೂ, ಯಾವ ಹೆಣ್ಣಿನ ತಮ್ಮನನ್ನೂ ಅವಳು ಎರಡನೇ ಸಲ ತಿರುಗಿ ನೋಡಿದವಳಲ್ಲ. ಆದರೆ ಹುಮನಾಬಾದಿನ ಆ ಮದುವೆಯಲ್ಲಿ ಏನಾಯಿತೋ! ಬೌದ್ಧ ಪದ್ಧತಿಯಂತೆ ಬಿಳಿ ಸೀರೆ ಉಟ್ಟ ಮದುಮಗಳನ್ನು ನೋಡಬೇಕಾದ ಕಣ್ಣು ಅವಳ ಹಿಂದೆ ಹೂವಿನ ತಟ್ಟೆ ಹಿಡಿದು ನಿಂತವನ ಮೇಲೆ ಹೋಗಿ ಕೂತಿತು.

ಮೊದಲ ದಿನ ತನ್ನನ್ನು ತಾನೇ ಬೈದುಕೊಂಡಳು. ಮರುದಿನ ಅದೇ ದೃಶ್ಯವನ್ನು ಹಿಂದಕ್ಕೆ ತಂದು ಮತ್ತೆ ನೋಡಿದಳು. ಅವ್ವ ರತ್ನಮಾಲಾ ಚಹಾ ತಂದಾಗ ಅವಸರದಲ್ಲಿ ಪರದೆಯ ಮೇಲೆ ಅಡುಗೆಯವರ ದೃಶ್ಯ ಹಾಕುತ್ತಿದ್ದಳು. ಯಾವಾಗ ನೋಡಿದರೂ ಬದನೆಕಾಯಿ ಪಲ್ಯ ಕಲಸುವವರೇ ಕಾಣುತ್ತಾರಲ್ಲ ಎಂದು ಅವ್ವನಿಗೆ ಆಶ್ಚರ್ಯ.

ಅದೇ ವಿಡಿಯೋದಲ್ಲಿ ಮಚ್ಚೇಂದ್ರರೂ ಇದ್ದರು. ಜನರೆಲ್ಲ ಊಟಕ್ಕೆ ಹೋದಾಗ ಕರೀಂಭಾಯಿ ಕ್ಯಾಮೆರಾ ಬಂದ್ ಮಾಡುವುದನ್ನು ಮರೆತು ಸ್ಟ್ಯಾಂಡಿನ ಮೇಲೆ ಬಿಟ್ಟುಹೋಗಿದ್ದರು. ಖಾಲಿ ವೇದಿಕೆಗೆ ಮಚ್ಚೇಂದ್ರ ಒಬ್ಬರೇ ಬಂದರು. ಅತ್ತಿತ್ತ ನೋಡಿ ಮದುಮಗನ ಕುರ್ಚಿಯಲ್ಲಿ ಕೂತರು. ಮೆತ್ತಗಿದೆ ಎಂದು ಖುಷಿಯಾಗಿ ಇನ್ನೊಂದು ಸಲ ಎದ್ದು ಕೂತರು. ಕ್ಯಾಮೆರಾದ ಕೆಂಪು ದೀಪ ಕಂಡದ್ದೇ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಕ್ಯಾಮೆರಾಕ್ಕೆ ಒಂದು ಮಾತು ಹೇಳಿದರು. ಆ ಮಾತು ಕೇಳಿ ಮಯೂರಿ ಒಬ್ಬಳೇ ಕೂತಲ್ಲಿ ನಾಚಿಕೊಂಡಿದ್ದಳು. ಏನು ಮಾತು ಎಂದು ಮುಂದೆ ಹೇಳುತ್ತೇನೆ.

ಅಂಥ ಮನುಷ್ಯ ತೀರಿಕೊಂಡರು ಎಂದು ಕರೀಂಭಾಯಿ ಬಂದು ಹೇಳಿದಾಗ ಮಯೂರಿ ತನ್ನ ಮನೆಯವರೇ ಹೋದಂತೆ ಅತ್ತಳು. ಮರುಕ್ಷಣ ಅವಳಿಗೆ ಅವನ ನೆನಪಾಯಿತು. ಅವನು ಈಗ ಹೇಗಿದ್ದಾನೋ?

ಹೋಗಿ ಸಮಾಧಾನ ಹೇಳಲು ಅವಳು ಯಾರು? ಫೋನ್ ಮಾಡಲು ಯಾವ ನೆಪ? ಅವಳ ಕೈಯಲ್ಲಿದ್ದದ್ದು ಒಂದೇ, ಆ ವಿಡಿಯೋ. ಅದನ್ನಾದರೂ ಬೇಗ ಮುಗಿಸಿ ಆ ಮನೆಗೆ ಮುಟ್ಟಿಸಬೇಕು ಎಂದು ಪಟ್ಟು ಹಿಡಿದು ಕೂತಳು. ಆದರೆ ಆ ಹಳೇ ಕಂಪ್ಯೂಟರ್ ಅವಳ ಅವಸರಕ್ಕೆ ಓಗೊಡಬೇಕಲ್ಲ! ಎಲ್ಲ ಜೋಡಿಸಿ ಕೊನೆಗೆ ಒಂದು ಫೈಲಾಗಿ ಹೊರತೆಗೆಯುವ ಹೊತ್ತಿಗೆ ಅದು ಆಮೆಯಂತೆ ತೆವಳುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಮತ್ತೆ ಮೊದಲಿನಿಂದ.

ಆಗ ಯಾರೋ ಹಿಂದಿಯಲ್ಲಿ ಹೇಳಿಕೊಡುವ ಒಂದು ವಿಡಿಯೋ ಅವಳ ಕಣ್ಣಿಗೆ ಬಿತ್ತು. ಓವರ್‌ಕ್ಲಾಕಿಂಗ್. ಕಂಪ್ಯೂಟರನ್ನು ತಯಾರಿಸಿದವರು ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಚಾಲೂ ಆಗುವ ಮುಂಚೆ ಒಂದು ಬಟನ್ ಒತ್ತಿ ಸೆಟ್ಟಿಂಗಿಗೆ ಹೋಗಬೇಕು, ಅಲ್ಲಿ ಕೆಲವು ಅಂಕಿ ಏರಿಸಬೇಕು, ಅಷ್ಟೇ ಎಂದಿದ್ದ ಅವನು.

ಮಯೂರಿ ಒಂದಿಷ್ಟು ಏರಿಸಿದಳು. ಕಂಪ್ಯೂಟರ್ ಚುರುಕಾಯಿತು. ಆಸೆ ನೋಡಿ, ಇನ್ನೊಂದಿಷ್ಟು ಏರಿಸಿದಳು. ಫೈಲು ಸರಸರನೆ ಹೊರಬರತೊಡಗಿತು. ಅವಳು ಖುಷಿಯಿಂದ ಕೈ ಮುಗಿದು ಕೂತಿದ್ದಾಗಲೇ ಪರದೆ ಕಪ್ಪಾಯಿತು.

ಮತ್ತೆ ಬಟನ್ ಒತ್ತಿದಳು. ಒಳಗಿನ ಫ್ಯಾನ್ ಮಾತ್ರ ಗುಂಯ್‌ಗುಡುತ್ತಿತ್ತು. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಅದಾಗಿ ಸ್ವಲ್ಪ ಹೊತ್ತಿಗೇ ಸುಮೇಧ ಬಾಗಿಲು ಬಡಿದದ್ದು.

ಅವನು ಹೋದ ಮೇಲೆ ಮಯೂರಿ ಮಾಡದ ಪ್ರಯತ್ನವಿಲ್ಲ. ಮೊದಲು ಕರೀಂಭಾಯಿಗೆ ಫೋನ್ ಹಚ್ಚಿದಳು. ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಆ ಮದುವೆ ಇದೆಯೇನು ಎಂದು ಕೇಳಿದಳು. ಆದರೆ ಅವರ ಪದ್ಧತಿ ಅವಳಿಗೇ ಗೊತ್ತಿತ್ತು. ಲಗ್ನದ ಸೀಸನ್ನಿನಲ್ಲಿ ಸಂಜೆ ಮದುವೆ ಮುಗಿಸಿ ನೇರ ಇವಳ ಮನೆಗೆ ಬಂದು, ಎಲ್ಲವನ್ನೂ ಕಂಪ್ಯೂಟರಿಗೆ ಸುರಿದು, ಹಾಲಿನವರು ಕ್ಯಾನ್ ತೊಳೆದಿಡುವಂತೆ ಕಾರ್ಡನ್ನು ಅಳಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಆ ಕಾರ್ಡುಗಳಲ್ಲಿ ಈಗ ನಾರಾಯಣಪುರದ ಮದುವೆ ಇತ್ತು. ಕರೀಂಭಾಯಿ ಸಂಜೆ ಬಂದು ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಇದನ್ನು ಜೋಡಿಸಿಕೊಟ್ಟ ಹುಮನಾಬಾದಿನ ವಹೀದಾ ಆಪಾಗೆ ತೋರಿಸೋಣವೆಂದರೆ ಅವರು ಮೆಕ್ಕಾ ಯಾತ್ರೆಗೆ, ಉಮ್ರಾಕ್ಕೆ ಹೋಗಿದ್ದರು. ಅಂಗಡಿಗೆ ಬೀಗ, ಫೋನ್ ಬಂದ್.

ಊರಿನ ರಿಪೇರಿಯವನು ಹೊರಗಿನಿಂದಲೇ ನೋಡಿ ಬೋರ್ಡ್ ಹೋಗಿದೆ ಎಂದ. ಮಯೂರಿಗೆ ನಂಬಿಕೆ ಬರಲಿಲ್ಲ. ತಪ್ಪು ವೇಗ ಕೊಟ್ಟಾಗ ಒಳಗಿನ ಬಟನ್ ಸೆಲ್ ತೆಗೆದು ಹಾಕಿದರೆ ಕಂಪ್ಯೂಟರ್ ಎಲ್ಲವನ್ನೂ ಮರೆತು ಮೊದಲಿನ ಸೆಟ್ಟಿಂಗಿಗೆ ಬರುತ್ತದೆ ಎಂದು ಎಲ್ಲೋ ಓದಿದಳು. ವೈರ್ ಕಿತ್ತು, ಡಬ್ಬಿ ಬಿಚ್ಚಿ, ಆ ಸೆಲ್ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದಳು.

ಪರದೆ ಬೆಳಗಿತು! ಅವ್ವನನ್ನು ಕೂಗಿ ಕರೆದಳು. ಅವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದಳು.

ಆದರೆ ಮದುವೆಗಳೆಲ್ಲ ಇದ್ದ ಜಾಗವೇ ಅಲ್ಲಿರಲಿಲ್ಲ. ಅದರ ಬದಲು ಎರಡು ಖಾಲಿ ಡಿಸ್ಕ್ ತೋರಿಸಿ ಕಂಪ್ಯೂಟರ್ ಕೇಳುತ್ತಿತ್ತು, ಫಾರ್ಮ್ಯಾಟ್ ಮಾಡಲೇ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದು ಮಾಡಲೇ ಎಂದು. ರಿಪೇರಿಯವನು ಫೋನಿನಲ್ಲಿ, ಮಾಡಿಬಿಡ್ರಿ, ಆಮೇಲೆ ನೋಡೋಣ ಎಂದ. ಮಯೂರಿಯ ಬೆರಳು ಆ ಬಟನ್ನಿನ ಹತ್ತಿರ ಹೋಗಿ ಹಿಂದೆ ಬಂತು. ಒತ್ತಲಾರದೆ, ಬಿಡಲಾರದೆ, ಕಂಪ್ಯೂಟರನ್ನೇ ಬಂದ್ ಮಾಡಿ ಗೋಡೆಗೆ ಒರಗಿದಳು.

ನಾನು ಮುಟ್ಟದಿದ್ದರೆ ಸಾಕಿತ್ತು. ತಡವಾದರೂ ಸಿಗುತ್ತಿತ್ತು. ಅವರಪ್ಪನನ್ನು ಎರಡನೇ ಸಲ ನಾನೇ ಸಾಯಿಸಿದೆನಲ್ಲ...

ಶನಿವಾರ ಸುಮೇಧನ ಫೋನ್ ಬಂತು. ಅವಳು ಎತ್ತಲಿಲ್ಲ. ಎತ್ತಿ ಏನು ಹೇಳುವುದು? ಭಾನುವಾರ ಪುಣ್ಯಾನುಮೋದನ ಆ ಸಿಟ್ಟಿನ ಫೋಟೋದ ಮುಂದೆಯೇ ನಡೆದುಹೋಯಿತು.

ಸೋಮವಾರ ಅವನು ಬಂದ. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಬಾಗಿಲಿನಿಂದಲೇ ಒಳಕೋಣೆಯ ನೆಲದ ಮೇಲೆ ಬಿಚ್ಚಿಟ್ಟ ಕಂಪ್ಯೂಟರ್ ಕಂಡಿತ್ತು. ನೇರ ಹೋಗಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಹುಮನಾಬಾದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು. ಬಿಚ್ಚಿಟ್ಟ ಯಂತ್ರ ಕಂಡರೆ ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಕೆಟ್ಟು ಎಷ್ಟು ದಿನಾತ್ರಿ?"

"ನೀವು ಮೊದಲ ಸಲ ಬಂದ ದಿನಾನೇ..."

ಅವನು ತಲೆಯೆತ್ತಿ ನೋಡಿದ. ಅವಳು ತಡೆದು ತಡೆದು ಎಲ್ಲ ಹೇಳಿದಳು. ವೇಗ ಏರಿಸಿದ್ದು, ಪರದೆ ಕಪ್ಪಾದದ್ದು, ಡಿಸ್ಕ್ ಖಾಲಿ ತೋರಿಸುತ್ತಿರುವುದು.

"ಗಾಡಿ ಕೆಟ್ಟದ ಅಂತ ಹೇಳಿದ್ರ ಪ್ಯಾಸೆಂಜರ್ ಇಳಿದು ಬ್ಯಾರೆ ಬಸ್ ನೋಡ್ಕೋತಾನ್ರಿ. ನೀವು ಹತ್ತಿಸ್ಕೊಂಡು ಕೂಡ್ಸಿದ್ರಿ. ನಮ್ಮ ಆಯಿ ಭಾನುವಾರ ಟಿವಿ ಮುಂದ ಬಂದು ಕೂತಿದ್ಳು, ಗೊತ್ತದೇನ್ರಿ?"

ಮಯೂರಿಯ ಕಣ್ಣು ತುಂಬಿ ನೆಲ ಕಾಣದಾಯಿತು.

"ಯಾಕ ಅಷ್ಟು ಓಡಸಾಕ ಹೋದ್ರಿ? ಮುಂದಿನ ಮದುವಿ ಅರ್ಜಂಟ್ ಇತ್ತೇನು?"

ನಿಮಗಾಗಿ... ನೀವು ಅಳುವುದನ್ನು ನಾನು ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ನೆನೆಸಿಕೊಳ್ಳಲೂ ಆಗಲಿಲ್ಲ, ಅದಕ್ಕೆ. ಎದೆಯೊಳಗೆ ಮಾತು ಸಿದ್ಧವಾಗಿತ್ತು. ಆದರೆ ಅಪ್ಪನ ಕೊನೆಯ ನಗು ಕಳೆದವಳು ಯಾವ ಬಾಯಲ್ಲಿ ಪ್ರೀತಿಯ ಮಾತಾಡುವುದು? ಸುಮ್ಮನೆ ನಿಂತಳು. ಅವನು ಆ ಮೌನವನ್ನೇ ಹೌದು ಎಂದು ತಿಳಿದುಕೊಂಡ.

ಹೈದರಾಬಾದಿನಲ್ಲಿ ಕೆಟ್ಟ ಡಿಸ್ಕಿನಿಂದ ವಿಡಿಯೋ ತೆಗೆದುಕೊಡುವವರು ಇದ್ದಾರಂತೆ, ಡಿಸ್ಕ್ ಕೊಡಿ ಎಂದ. ಮಯೂರಿ ಎರಡರಲ್ಲಿ ಮೇಲಿದ್ದದ್ದನ್ನು ಬಿಚ್ಚಿ ಕೊಟ್ಟಳು. ಹೊಸ ಮದುವೆ ಮೇಲಿನದರಲ್ಲಿ, ಹಳೆಯವು ಕೆಳಗಿನದರಲ್ಲಿ ಎಂದು ಅವಳ ಎಣಿಕೆ. ಟ್ರಂಕಿನಲ್ಲಿ ಮೇಲಿನ ಬಟ್ಟೆ ಹೊಸದು ಎಂದುಕೊಂಡಂತೆ ಅಷ್ಟೇ. ಯಾರೂ ಹಾಗೆಂದು ಅವಳಿಗೆ ಹೇಳಿರಲಿಲ್ಲ.

ವಾರ ಕಳೆದ ಮೇಲೆ ಅವನಿಂದ ಮೆಸೇಜ್ ಬಂತು.

"ಅದ್ರಾಗ ಮದುವಿ ಇಲ್ಲ ಅಂದ್ರು. ಹಾಕಿರೂದೇ ಅನುಮಾನ ಅಂದ್ರು. ಇನ್ನ ನಾ ಕೇಳಂಗಿಲ್ಲ. ನೀವೂ ಫೋನ್ ಮಾಡಬ್ಯಾಡ್ರಿ."

ಮಯೂರಿ ಉತ್ತರ ಬರೆದಳು. ಅಳಿಸಿದಳು. ಮತ್ತೆ ಬರೆದಳು. ಸುಳ್ಳುಗಾತಿ ಎಂದುಕೊಂಡವನಿಗೆ ಏನು ಬರೆದರೂ ಇನ್ನೊಂದು ಸುಳ್ಳಿನಂತೆಯೇ ಕಾಣುತ್ತದಲ್ಲ... ಫೋನನ್ನು ಬೋರಲು ಹಾಕಿ ಮಲಗಿದಳು.

ಅಂದಿನಿಂದ ಅವಳು ಯಾವ ಮದುವೆಯನ್ನೂ ಮುಟ್ಟಲಿಲ್ಲ. ಕರೀಂಭಾಯಿ ಬೇರೆ ಕಂಪ್ಯೂಟರ್ ತರುತ್ತೇನೆ ಎಂದರು, ಬೇಡವೆಂದಳು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಅವ್ವ ಒಂದು ದಿನ ತಲೆಗೆ ಎಣ್ಣೆ ಹಚ್ಚುತ್ತ, ಕೆಟ್ಟದ್ದು ಕಂಪ್ಯೂಟರ್ ಒಂದೇ ಏನವ್ವಾ ಎಂದು ಮೆಲ್ಲಗೆ ಕೇಳಿದಳು. ಮಯೂರಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಅವ್ವ ಮತ್ತೆ ಕೇಳಲಿಲ್ಲ. ಬದನೆಕಾಯಿ ಪಲ್ಯದ ಗುಟ್ಟು ಅವಳಿಗೆ ತಿಳಿದುಹೋಗಿತ್ತು.

ವಹೀದಾ ಆಪಾ ಉಮ್ರಾದಿಂದ ಬಂದರು ಎಂಬ ಸುದ್ದಿಯನ್ನು ಕರೀಂಭಾಯಿಯೇ ತಂದರು. ಆಸೆಯಿಲ್ಲದಿದ್ದರೂ ಮಯೂರಿ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆಪಾ ಮೊದಲು ಕೇಳಿದ್ದು ಒಂದೇ.

"ಫಾರ್ಮ್ಯಾಟ್ ಮಾಡಿಲ್ಲ ಹೌದಲ್ಲ?"

"ಇಲ್ರಿ ಆಪಾ."

"ಶುಕರ್ ಅಲ್ಲಾ. ನೋಡವ್ವಾ, ಅವು ಎರಡೂ ಡಿಸ್ಕ್ ಸೇರ್ಸಿ ಒಂದೇ ಮಾಡೀನಿ ನಾ, ಜಲ್ದಿ ನಡೀಲಿ ಅಂತ. ಒಂದೊಂದು ವಿಡಿಯೋ ಅರ್ಧ ಇದ್ರಾಗ ಇರ್ತದ, ಅರ್ಧ ಅದ್ರಾಗ. ನೀ ಸೆಲ್ ತಗದಾಗ ಆ ಜೋಡಿ ಮರ್ತು ಹೋಗ್ಯದ. ಒಂದನ್ನೇ ಒಯ್ದು ತೋರ್ಸಿದ್ರ ಯಾರಿಗೂ ಏನೂ ಕಾಣಂಗಿಲ್ಲ."

ಮಯೂರಿ ಎದ್ದು ನಿಂತಳು. ಅಂದರೆ ಮದುವೆ ಇನ್ನೂ ಇದೆ. ಅರ್ಧ ಈ ಮನೆಯಲ್ಲಿ, ಅರ್ಧ...

"ಹೈದರಾಬಾದಿನೋರು ಅದರ ಮ್ಯಾಲ ಏನರ ಬರದಿದ್ರ ಮಾತ್ರ ನನ್ನ ಕೈಯಾಗೂ ಇಲ್ಲ," ಎಂದು ಆಪಾ ಎಚ್ಚರಿಸಿದರು. "ಎರಡೂ ತಗೊಂಡು ಬಾ, ನೋಡೋಣ."

ಎರಡನ್ನೂ ತರಬೇಕಾದರೆ ಅವನ ಬಾಗಿಲಿಗೆ ಹೋಗಬೇಕು. ಫೋನ್ ಮಾಡಬೇಡ ಎಂದವನ ಬಾಗಿಲಿಗೆ! ಅವನು ಆ ಡಿಸ್ಕನ್ನು ಸಿಟ್ಟಿಗೆ ಎಸೆದೇಬಿಟ್ಟಿದ್ದರೆ? ಯೋಚಿಸುತ್ತ ಕೂತರೆ ಧೈರ್ಯ ಹೋಗುತ್ತದೆ ಎಂದು ಕರೀಂಭಾಯಿಯಿಂದ ಅವನ ಮನೆಯ ವಿಳಾಸ ಪಡೆದು, ಕಂಪ್ಯೂಟರಿನ ಡಬ್ಬಿಯನ್ನು ಚಾದರಿನಲ್ಲಿ ಸುತ್ತಿ ಹುಮನಾಬಾದಿನ ಬಸ್ ಹತ್ತಿದಳು. ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೂ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪಿಕೊಂಡಿದ್ದಳು. ಪಕ್ಕದ ಅಜ್ಜಿ ಕೂಸು ಮಲಗಿದೆಯೇನು ಎಂದು ಚಾದರಿನ ತುದಿ ಸರಿಸಿ ನೋಡಿ ಬೇಸರಪಟ್ಟುಕೊಂಡಳು.

ಬಾಗಿಲು ತೆರೆದವರು ಸುಮೇಧನ ತಾಯಿ ಕಾಂತಾಬಾಯಿ. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಅರ್ಧವಾಗಿದ್ದರು. ಮಯೂರಿ ಜೈ ಭೀಮ್ ಹೇಳಿ, ತಾನು ಯಾರೆಂದು ಹೇಳಿ, ಆ ಡಿಸ್ಕ್ ಇದೆಯೇ ಎಂದು ಕೇಳಿ, ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾದಳು. ಕಾಂತಾಬಾಯಿ ಬೈಯಲಿಲ್ಲ. ಡಬ್ಬಿ ಭಾರ ಇದೆ, ಮೊದಲು ಕೆಳಗಿಡು ಎಂದರು.

"ಅವ ಹೈದರಾಬಾದಿನಿಂದ ವಾಪಸ್ ತಂದ ಡಿಸ್ಕ್ ಇಲ್ಲೇ ಅದ ತಾಯಿ. ಖಾಲಿ ಅದ ಅಂತ ಹೇಳ್ದ. ಒಗೀಲಿಕ್ಕೂ ಆಗಲಿಲ್ಲ ಅವನಿಗೆ. ಅವರಪ್ಪನ ಫೋಟೋದ ಹಿಂದ ಇಟ್ಟಾನ."

ಅಷ್ಟರಲ್ಲಿ ಸುಮೇಧ ಡಿಪೋದಿಂದ ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಮಯೂರಿ ಆಪಾ ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬ್ಯಾಡ್ರಿ. ಆಯಿಗೆ ಇನ್ನೊಂದು ಸಲ ಆಶಾ ಹಚ್ಚಬ್ಯಾಡ್ರಿ. ಹೋದ ಸಲ ಎರಡು ದಿನ ಎದ್ದಿಲ್ಲ ಆಕಿ."

"ಸಿಗ್ತದ ಅಂತ ನಾ ಹೇಳಂಗಿಲ್ರಿ," ಎಂದಳು ಮಯೂರಿ. ದನಿ ಒಡೆದಿತ್ತು. "ಆವತ್ತು ಆಗ್ತದ ಅಂತ ಸುಳ್ಳು ಹೇಳಿದ್ನಿ. ಇವತ್ತು ಖರೇ ಹೇಳಾಕತ್ತೀನಿ. ಗೊತ್ತಿಲ್ಲ ನನಗ. ನೋಡ್ಬೇಕು ಅಷ್ಟೇ."

ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಕಾಂತಾಬಾಯಿ ಎದ್ದು ಹೋಗಿ ಗಂಡನ ಫೋಟೋದ ಹಿಂದೆ ಕೈ ಹಾಕಿ ಡಿಸ್ಕ್ ತೆಗೆದು, ಸೆರಗಿನಿಂದ ಒರೆಸಿ, ಮಯೂರಿಯ ಕೈಗಿಟ್ಟರು. ಆದರೆ ಅಂಗಡಿಗೆ ಒಯ್ಯಲು ಬಿಡಲಿಲ್ಲ. ಒಮ್ಮೆ ಮನೆಯಿಂದ ಹೊರ ಹೋಗಿ ಖಾಲಿಯಾಗಿ ಬಂದಿದೆ, ಇನ್ನು ಹೊರಗೆ ಹೋಗುವುದು ಬೇಡ, ಏನು ಮಾಡುವುದಿದ್ದರೂ ಇಲ್ಲೇ ಮಾಡು ಎಂದರು.

ಹಾಗಾಗಿ ಆಪಾ ಫೋನಿನಲ್ಲೇ ಹೇಳುತ್ತ ಹೋದರು, ಮಯೂರಿ ಮಾಡುತ್ತ ಹೋದಳು. ಸುಮೇಧ ಮೊದಲು ದೂರ ನಿಂತಿದ್ದ. ಸ್ಕ್ರೂ ಅವಳ ಕೈಯಿಂದ ಮೂರು ಸಲ ಜಾರಿದ ಮೇಲೆ ತಾನೇ ಬಂದು ಪಕ್ಕದಲ್ಲಿ ಕೂತು ಡಿಸ್ಕನ್ನು ಅದರ ಜಾಗದಲ್ಲಿ ಬಿಗಿದ. ಮನೆಯ ಟಿವಿಗೇ ವೈರ್ ಜೋಡಿಸಿದರು. ಆಪಾ ಹೇಳಿದ ಸೆಟ್ಟಿಂಗ್ ಸಿಕ್ಕಿತು. ಬದಲಿಸಿದಳು. ಕಂಪ್ಯೂಟರ್ ಬಂದ್ ಆಗಿ ಮತ್ತೆ ಚಾಲೂ ಆಯಿತು.

ಟಿವಿ ಕಪ್ಪಗಿತ್ತು. ಎಷ್ಟು ಹೊತ್ತಾದರೂ ಕಪ್ಪಗೇ ಇತ್ತು. ಮಯೂರಿ ಕಣ್ಣು ಮುಚ್ಚಿಕೊಂಡಳು. ಹೋಯಿತು... ಈ ಸಲ ಅವರ ಕಣ್ಣೆದುರೇ ಹೋಯಿತು.

"ಬಂತ್ರಿ," ಎಂದ ಸುಮೇಧ. ದನಿ ಬದಲಾಗಿತ್ತು.

ಕಣ್ಣು ತೆರೆದಳು. ಕಳೆದುಹೋಗಿದ್ದ ಜಾಗ ತನ್ನ ಹಳೇ ಹೆಸರಿನೊಂದಿಗೇ ಅಲ್ಲಿತ್ತು. ಅದರೊಳಗೆ ಊರ ಮದುವೆಗಳೆಲ್ಲ ಸಾಲಾಗಿದ್ದವು. ಅವಳು ಒಂದನ್ನು ಒತ್ತಿದಳು.

ಖಾಲಿ ವೇದಿಕೆ. ಟವೆಲ್ ಹೆಗಲಿಗೇರಿಸಿಕೊಂಡು ಮಚ್ಚೇಂದ್ರ ಬಂದರು. ಅತ್ತಿತ್ತ ನೋಡಿದರು. ಮದುಮಗನ ಕುರ್ಚಿಯಲ್ಲಿ ಕೂತರು. ಎದ್ದು ಇನ್ನೊಮ್ಮೆ ಕೂತರು. ಕೆಂಪು ದೀಪ ಕಂಡು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

"ಏ ಕರೀಂಭಾಯಿ, ಇದು ಚಾಲೂನೇ ಅದ ಏನ್ರಿ? ಇರಲಿ ಬಿಡ್ರಿ. ಮಗಂದೂ ನೀವೇ ತಗೀಬೇಕು ಮತ್ತ. ಅವ ಭಾಳ ಸಂಕೋಚದ ಹುಡುಗ. ಹುಡುಗಿನ ನೀವೇ ಹುಡುಕಿ ಅವನ ಬಾಜೂಕ ನಿಲ್ಲಸ್ರಿ."

ಕಾಂತಾಬಾಯಿ ಟಿವಿಯ ಹತ್ತಿರ ಹೋಗಿ ಗಂಡನ ಕೆನ್ನೆಯ ಮೇಲೆ ಕೈಯಿಟ್ಟರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ತಿಳಿಯಲಿಲ್ಲ. ಇನ್ನೊಂದು ಸಲ ಹಾಕು ಎಂದರು. ಮತ್ತೊಂದು ಸಲ ಎಂದರು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಹಸಿವಾಗಿದೆ, ನೀವಿಬ್ಬರೂ ಉಂಡಿಲ್ಲ ಎಂದು ಹಿಟ್ಟು ನಾದಲು ಒಳಗೆ ಹೋದರು.

ಹೊರಗೆ ಇಬ್ಬರೇ ಉಳಿದರು. ಟಿವಿಯಲ್ಲಿ ಈಗ ಮಯೂರಿ ಜೋಡಿಸಿಟ್ಟ ಮದುವೆ ಓಡುತ್ತಿತ್ತು. ಹೂವಿನ ತಟ್ಟೆ ಹಿಡಿದ ಸುಮೇಧ. ಬಡಿಸುತ್ತಿರುವ ಸುಮೇಧ. ಬ್ಯಾಂಡಿನವರ ಜೊತೆ ಕೂತು ಉಣ್ಣುತ್ತಿರುವ ಸುಮೇಧ. ಮಯೂರಿ ಅವಸರದಲ್ಲಿ ಬಂದ್ ಮಾಡಲು ಹೋದಳು. ಬಟನ್ ಸಿಗಲಿಲ್ಲ. ಬದನೆಕಾಯಿ ಪಲ್ಯವೂ ಸಮಯಕ್ಕೆ ಬರಲಿಲ್ಲ.

"ತಂಗಿ ಮದುವಿಯೊಳಗ ನಾ ಯಾಕ ಇಷ್ಟು ಸಲ ಬಂದೀನ್ರಿ?"

ಅವಳ ಕಿವಿಯವರೆಗೂ ಬಿಸಿಯೇರಿತು. "ಕಟ್ ಮಾಡ್ಬೇಕಿತ್ರಿ... ಮನಸ್ಸು ಬರಲಿಲ್ಲ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಆವತ್ತು ಕೇಳಿದ್ನಿ. ಯಾಕ ಅಷ್ಟು ಓಡಸಾಕ ಹೋದ್ರಿ ಅಂತ."

"ತಂಗಿನ ಕಳಿಸಿದ ಮ್ಯಾಲ ನೀವು ಪೆಂಡಾಲಿನ ಹಿಂದ ಹೋಗಿ ಅತ್ತೀರಿ. ಅಷ್ಟಕ್ಕೇ ಅಷ್ಟು ಅತ್ತೋರು ಅಪ್ಪ ಹೋದ ಮ್ಯಾಲ ಹ್ಯಾಂಗ ಇರ್ತಾರೋ ಅಂತ... ಜಲ್ದಿ ಕೊಡ್ಬೇಕು ಅನ್ನಿಸ್ತ್ರಿ. ಅಷ್ಟೇ."

"ನಾ ಅತ್ತಿದ್ದು ಯಾರೂ ನೋಡಿಲ್ಲ ಅಂತ ತಿಳ್ಕೊಂಡಿದ್ನಿ."

"ನಾ ಒಬ್ಬಾಕಿನೇ ನೋಡೀನ್ರಿ. ನಿಮ್ಮದು ಅದೊಂದೇ ಕಟ್ ಮಾಡೀನಿ. ಮಂದಿ ನೋಡೂದು ಬ್ಯಾಡ ಅಂತ."

ಸುಮೇಧ ಟಿವಿಯ ಸದ್ದು ಇಳಿಸಿದ. ಇಷ್ಟು ದಿನ ಅವಳನ್ನು ಸುಳ್ಳುಗಾತಿ ಎಂದುಕೊಂಡಿದ್ದ. ಆ ಮಾತನ್ನು ಬಾಯಿಬಿಟ್ಟು ಹೇಳಿ, ತಪ್ಪಾಯಿತು ಎಂದ. ಅವಳು ತಲೆ ಅಲ್ಲಾಡಿಸಿದಳು. ಇಷ್ಟು ದಿನ ತಡೆದಿದ್ದ ಅಳು ಈಗ ಬಂತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟ. ಅದರಲ್ಲಿ ಗ್ರೀಸಿನ ವಾಸನೆ ಇತ್ತು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು.

"ಅಪ್ಪನ ಮಾತು ಕೇಳಿದ್ರಲ್ಲ," ಎಂದ ಅವನು, ಟಿವಿ ನೋಡುತ್ತಲೇ. "ಹುಡುಗಿನ ಹುಡುಕೂ ಕೆಲಸ ಕರೀಂಭಾಯಿಗೆ ಹಚ್ಯಾರ. ಅವರಿಗ್ಯಾಕ ತ್ರಾಸ ಕೊಡೂದು? ನೀವೇ ನನ್ನ ಬಾಜೂಕ ನಿಲ್ತೀರೇನ್ರಿ?"

ಒಳಗೆ ಕಾಂತಾಬಾಯಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಕೇಳಿಸಿಕೊಳ್ಳುತ್ತಿದ್ದರು ಎಂದು ನಾನು ಬೇರೆ ಹೇಳಬೇಕೇ?

"ನಿಲ್ತೀನ್ರಿ," ಎಂದಳು ಮಯೂರಿ ಟವೆಲ್ಲಿನ ಹಿಂದಿನಿಂದ. "ಆದ್ರ ನಮ್ಮ ಮದುವಿ ಮಿಕ್ಸಿಂಗ್ ನಾನೇ ಮಾಡ್ತೀನಿ. ಭಾಳ ತಡಾ ಆಗ್ತದ. ಇನ್ನ ಮ್ಯಾಲ ಕಂಪ್ಯೂಟರ್ ಜೋರ ಓಡಸಂಗಿಲ್ಲ ನಾ."

"ಆಗಲಿ. ಎಷ್ಟು ದಿನಾದ್ರೂ ಹೊಸ್ತಿಲದಾಗ ನಿಂತು ಕಾಯ್ತೀನಿ."

"ಹೊಸ್ತಿಲದಾಗ ಯಾಕ್ರಿ? ಈ ಸಲ ಒಳಗ ಬಂದು ಕೂಡ್ರಿ."

ಸುಮೇಧ ಒಂದು ಸಲ ನೆಲ ನೋಡಿದ.